ಖಾತರಿ ಮತ್ತು ಹೊಣೆ: ಲ್ಯಾಪ್‌ಟಾಪ್ ಪೆಟ್ಟಿಗೆಯೊಳಗಿನ ಕಾಗದದ ಚರಿತ್ರೆ

ಹೊಸ ಲ್ಯಾಪ್‌ಟಾಪಿನ ಪೆಟ್ಟಿಗೆಯನ್ನು ಬಿಚ್ಚಿದಾಗ ಯಂತ್ರ, ಚಾರ್ಜರ್‌ಗಳೊಂದಿಗೆ ತೆಳುವಾದ ಒಂದು ಪುಸ್ತಿಕೆಯೂ ದೊರೆಯುತ್ತದೆ. ಹತ್ತಾರು ಭಾಷೆಗಳಲ್ಲಿ, ಇರುವೆಸಾಲಿನಂಥ ಅಕ್ಷರಗಳಲ್ಲಿ ಅಚ್ಚಾದ ಅದನ್ನು ಓದುವವರು ವಿರಳ. ಪೆಟ್ಟಿಗೆಯ ಜೊತೆಗೆ ಅದೂ ಅಟ್ಟ ಸೇರುತ್ತದೆ. ಯಂತ್ರ ಕೆಟ್ಟ ದಿನ ಮಾತ್ರ ನೆನಪಾಗುತ್ತದೆ. ಅದನ್ನು ನಾವು ‘ವಾರಂಟಿ’ ಎನ್ನುತ್ತೇವೆ, ಕನ್ನಡದಲ್ಲಿ ‘ಖಾತರಿ’ ಎನ್ನುತ್ತೇವೆ. ಖಾತರಿ ಅರಬ್ಬಿ-ಫಾರಸಿಯಿಂದ ನಮ್ಮಲ್ಲಿಗೆ ಬಂದ ಪದ. ಅದರ ಮೂಲದಲ್ಲಿರುವುದು ಮನಸ್ಸು ಎಂಬ ಅರ್ಥ. ಅಚ್ಚಗನ್ನಡದಲ್ಲಿ ನಮಗಿರುವ ಪದ ‘ಹೊಣೆ’. ಖಾತರಿ ಮನಸ್ಸಿಗೆ ಸಂಬಂಧಿಸಿದ್ದು, ಹೊಣೆ ಹೆಗಲಿಗೆ ಸಂಬಂಧಿಸಿದ್ದು. ಯಾವ ಕಂಪನಿಯ ಲ್ಯಾಪ್‌ಟಾಪ್ ಬಾಳಿಕೆ ಬರುತ್ತದೆಂದು ಎಲ್ಲರೂ ಕೇಳುತ್ತಾರೆ. ಅದು ಕೆಟ್ಟಾಗ ನಷ್ಟ ಯಾರ ಹೆಗಲಿಗೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಗೆ ದೀರ್ಘವಾದ ಚರಿತ್ರೆಯೊಂದಿದೆ. ಅದನ್ನು ತಿಳಿಯದೆ ಮೊದಲ ಪ್ರಶ್ನೆಗೂ ಸರಿಯಾದ ಉತ್ತರ ಸಿಗದೆಂಬುದು ನಮ್ಮ ಅನಿಸಿಕೆ.

ಕೊಂಡ ಸರಕು ಸರಿಯಿಲ್ಲದಿದ್ದರೆ ಏನು ಗತಿ ಎಂಬುದನ್ನು ಕೌಟಿಲ್ಯನೇ ಯೋಚಿಸಿದ್ದ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಅವನ ಅರ್ಥಶಾಸ್ತ್ರದ ಹಸ್ತಪ್ರತಿ 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ, 1909ರಲ್ಲಿ ಅಚ್ಚಾದದ್ದು ಕನ್ನಡಿಗರಿಗೆ ತಿಳಿದ ಸಂಗತಿ. ಆ ಗ್ರಂಥದ ಮೂರನೆಯ ಅಧಿಕರಣದಲ್ಲಿ ಕ್ರಯ-ವಿಕ್ರಯವನ್ನು ಹಿಂತೆಗೆದುಕೊಳ್ಳುವ ವಿಚಾರಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ವ್ಯಾಪಾರಿಗಳಿಗೆ ಒಂದು ರಾತ್ರಿ, ಕೃಷಿಕರಿಗೆ ಮೂರು ರಾತ್ರಿ, ಗೋರಕ್ಷಕರಿಗೆ ಐದು ರಾತ್ರಿ ಎಂದು ಅವಧಿಯನ್ನು ಅಲ್ಲಿ ಗೊತ್ತುಪಡಿಸಲಾಗಿದೆ. ಮಾರಿದ ಮೇಲೆ ಸರಕನ್ನು ಕೊಡಲೊಪ್ಪದ ವರ್ತಕನಿಗೆ 12 ಪಣಗಳ ದಂಡವುಂಟು. ಸರಕಿನಲ್ಲಿ ದೋಷವಿದ್ದರೆ ಅದಕ್ಕೆ ವಿನಾಯಿತಿಯೂ ಉಂಟು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅವಧಿಯನ್ನು ನಿರ್ಧರಿಸಿದ್ದು ಮಾರುವವನ ಔದಾರ್ಯವಲ್ಲ, ರಾಜ್ಯದ ನಿಯಮ. ವಹಿವಾಟಿನ ಸ್ವರೂಪಕ್ಕೆ ತಕ್ಕಂತೆ ಅವಧಿ ಬದಲಾಗುತ್ತಿತ್ತು. ವ್ಯಾಪಾರಿ ಸರಕು ಬಲ್ಲವನು, ಅವನಿಗೆ ಒಂದು ರಾತ್ರಿ ಸಾಕು. ಉಳಿದವರಿಗೆ ಹೆಚ್ಚು ಸಮಯ ಬೇಕು ಎಂಬ ವಿವೇಕ ಅದರ ಹಿಂದಿದ್ದಿರಬೇಕು.

ಇಂದು ನಮ್ಮ ಕೈಗೆ ಬರುವ ಪುಸ್ತಿಕೆಯ ವಂಶಾವಳಿಯಾದರೋ ಬೇರೆ ಕಡೆಯದು. ಇಂಗ್ಲೆಂಡಿನಲ್ಲಿ 1603ರಲ್ಲಿ ತೀರ್ಮಾನವಾದ ಚಾಂಡೆಲರ್ ಮತ್ತು ಲೋಪಸ್ ನಡುವಿನ ಮೊಕದ್ದಮೆ ಕಾನೂನು ಓದಿದವರಿಗೆ ಪರಿಚಿತ. ಅಕ್ಕಸಾಲಿಗನೊಬ್ಬ ಬೆಜೋರ್ ಎಂಬ ಕಲ್ಲನ್ನು 100 ಪೌಂಡುಗಳಿಗೆ ಮಾರಿದ. ಬೆಜೋರ್ ಎಂದರೆ ನಮ್ಮ ಗೋರೋಚನದ ಹಾಗೆ ಪ್ರಾಣಿಯ ಒಡಲಲ್ಲಿ ಗಟ್ಟಿಗೊಂಡು ಸಿಗುವ ವಸ್ತು. ವಿಷಕ್ಕೆ ಮದ್ದೆಂದು ಆ ಕಾಲದವರು ನಂಬಿದ್ದರು. ಕಲ್ಲು ನಿಜವಾದ ಬೆಜೋರ್ ಅಲ್ಲವೆಂದು ಕೊಂಡವನು ನ್ಯಾಯಾಲಯಕ್ಕೆ ಹೋದ. ಇದು ಬೆಜೋರ್ ಎಂದು ಬಾಯಲ್ಲಿ ಹೇಳಿದ ಮಾತ್ರಕ್ಕೆ ಹೊಣೆಯಾಗುವುದಿಲ್ಲ, ಹಾಗೆಂದು ಖಾತರಿ ಕೊಟ್ಟಿದ್ದರೆ ಮಾತ್ರ ಹೊಣೆ ಎಂಬುದು ಮೇಲಿನ ನ್ಯಾಯಾಲಯದ ನಿಲುವಾಯಿತು. ಕೊಳ್ಳುವವನೇ ಎಚ್ಚರದಿಂದಿರಬೇಕೆಂಬ ತತ್ತ್ವದ ಉದಾಹರಣೆಯಾಗಿ ಈ ತೀರ್ಪು ಬಹುಕಾಲ ಉಳಿಯಿತು. ವರ್ಣನೆ ಬೇರೆ, ವಾಗ್ದಾನ ಬೇರೆ ಎಂಬ ಭೇದ ಇಂದಿಗೂ ಜೀವಂತವಾಗಿದೆ. ಜಾಹೀರಾತಿನಲ್ಲಿ ಬೀಳುವ, ತುಳಿಸಿಕೊಳ್ಳುವ, ಮಳೆಯಲ್ಲಿ ನೆನೆಯುವ ಲ್ಯಾಪ್‌ಟಾಪು ವರ್ಣನೆ. ಪುಸ್ತಿಕೆಯಲ್ಲಿ ಬಿದ್ದದ್ದಕ್ಕೂ ನೆನೆದದ್ದಕ್ಕೂ ನಾವು ಹೊಣೆಯಲ್ಲ ಎಂದಿರುವುದು ವಾಗ್ದಾನದ ಗಡಿ.

ಮಾರಾಟದ ಈ ನ್ಯಾಯ ಭಾರತಕ್ಕೆ ಮೊದಲು 1872ರ ಕರಾರು ಕಾಯಿದೆಯ ಭಾಗವಾಗಿ, ಆಮೇಲೆ 1930ರಲ್ಲಿ ಸರಕು ಮಾರಾಟ ಕಾಯಿದೆಯೆಂಬ ಪ್ರತ್ಯೇಕ ಶಾಸನವಾಗಿ ಬಂದಿತು. ಅದರ 12ನೆಯ ಪ್ರಕರಣವನ್ನು ಓದಿದವರಿಗೆ ಒಂದು ಅಚ್ಚರಿ ಕಾದಿದೆ. ಅಲ್ಲಿ ‘ಷರತ್ತು’ ಮತ್ತು ‘ವಾರಂಟಿ’ ಎಂದು ಎರಡು ಬಗೆಯ ಮಾತುಗಳಿವೆ. ಷರತ್ತು ಕರಾರಿನ ಮುಖ್ಯ ಉದ್ದೇಶಕ್ಕೆ ಸೇರಿದ್ದು. ಅದು ಮುರಿದರೆ ಸರಕನ್ನೇ ತಿರಸ್ಕರಿಸಬಹುದು. ವಾರಂಟಿ ಪಕ್ಕದ ಮಾತು. ಅದು ಮುರಿದರೆ ಪರಿಹಾರ ಕೇಳಬಹುದು, ಸರಕನ್ನು ಮರಳಿಸುವ ಹಕ್ಕಿಲ್ಲ. ನಾವು ಅತಿ ದೊಡ್ಡ ರಕ್ಷೆಯೆಂದು ತಿಳಿದ ಪದ ಕಾನೂನಿನ ಪಂಕ್ತಿಯಲ್ಲಿ ಎರಡನೆಯ ಎಲೆಯಲ್ಲಿ ಕುಳಿತಿದೆ. ಅದೇ ಕಾಯಿದೆಯ 16ನೆಯ ಪ್ರಕರಣ, ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕೆಂಬ ಷರತ್ತನ್ನು ಕಾಗದದಲ್ಲಿ ಬರೆಯದಿದ್ದರೂ ಕೆಲವು ಸಂದರ್ಭಗಳಲ್ಲಿ ಬರೆದಂತೆಯೇ ಎಣಿಸುತ್ತದೆ. ಆದರೆ 62ನೆಯ ಪ್ರಕರಣ ಇಂಥ ಅಧ್ಯಾಹಾರದ ಹೊಣೆಗಳನ್ನು ಸ್ಪಷ್ಟ ಒಪ್ಪಂದದಿಂದ ತೆಗೆದುಹಾಕಬಹುದೆಂದೂ ಹೇಳುತ್ತದೆ. ಇರುವೆಸಾಲಿನ ಅಕ್ಷರಗಳು ಹುಟ್ಟಿದ್ದು ಈ ಬಾಗಿಲಿನಿಂದ. ಪುಸ್ತಿಕೆ ಕೊಡುವುದೆಷ್ಟೋ, ಕಿತ್ತುಕೊಳ್ಳುವುದೂ ಅಷ್ಟೇ.

ಇನ್ನು ಗಣಕಯಂತ್ರಗಳ ಕಡೆಗೆ ಬರೋಣ. ಅವುಗಳ ಮೊದಲ ದಶಕಗಳಲ್ಲಿ ಖಾತರಿಯ ಪ್ರಶ್ನೆ ಇಂದಿನಂತೆ ತಲೆದೋರಲಿಲ್ಲ. ಕಾರಣ ಸರಳ: ಐಬಿಎಂ ತನ್ನ ಯಂತ್ರಗಳನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಯಂತ್ರದ ಒಡೆಯ ಕಂಪನಿಯೇ ಆದುದರಿಂದ ಅದು ನಿಂತರೆ ನಷ್ಟವೂ ಕಂಪನಿಯದೇ. ಸೋರುವ ಸೂರನ್ನು ಮನೆಯೊಡೆಯನೇ ರಿಪೇರಿ ಮಾಡಿಸುವಂತೆ ಅದು ತನ್ನ ಎಂಜಿನಿಯರುಗಳನ್ನು ಗ್ರಾಹಕರ ಬಾಗಿಲಿಗೆ ಕಳಿಸುತ್ತಿತ್ತು. ಐಬಿಎಂನ ಸೇವೆಗೆ ಬಂದ ಹೆಸರಿನ ಬೇರು ಬಹುಮಟ್ಟಿಗೆ ಈ ವ್ಯವಸ್ಥೆಯಲ್ಲಿದೆ. ಆದರೆ ಬಾಡಿಗೆಯ ಪದ್ಧತಿಯಿಂದ ಏಕಸ್ವಾಮ್ಯ ಬೆಳೆಯಿತೆಂದು ಅಮೆರಿಕದ ಸರ್ಕಾರ ಮೊಕದ್ದಮೆ ಹೂಡಿ, 1956ರಲ್ಲಿ ರಾಜಿ ತೀರ್ಪೊಂದು ಬಂದಿತು. ಅದರಂತೆ ಐಬಿಎಂ ಯಂತ್ರಗಳನ್ನು ಮಾರಾಟಕ್ಕೂ ಇಡಬೇಕಾಯಿತು; ಸ್ವತಂತ್ರವಾಗಿ ದುರಸ್ತಿ ಮಾಡುವವರಿಗೆ ಬಿಡಿಭಾಗಗಳನ್ನು ಒದಗಿಸಬೇಕಾಯಿತು. ಒಡೆತನ ಕೊಳ್ಳುವವನಿಗೆ ದಾಟಿದಂತೆ ನಷ್ಟದ ಹೊರೆಯೂ ದಾಟತೊಡಗಿತು. ಹಾಗೆ ದಾಟಿದ ಹೊರೆಯಲ್ಲಿ ತಯಾರಕ ಸ್ವಲ್ಪ ಕಾಲ ತನ್ನ ಹೆಗಲ ಮೇಲೆ ಉಳಿಸಿಕೊಳ್ಳುವ ತುಣುಕೇ ಖಾತರಿ.

ಹೊಣೆಗಾರನೇ ಎದ್ದು ಹೋದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಭಾರತ 1978ರಲ್ಲಿ ಎದುರಿಸಿತು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯಂತೆ ವಿದೇಶಿ ಪಾಲನ್ನು ಶೇಕಡ 40ಕ್ಕೆ ಇಳಿಸಲು ಐಬಿಎಂ ಒಪ್ಪಲಿಲ್ಲ. ಜನತಾ ಸರ್ಕಾರದ ಕೈಗಾರಿಕಾ ಸಚಿವರಾಗಿ ಪಟ್ಟು ಸಡಿಲಿಸದಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಕಂಪನಿ ದೇಶ ಬಿಟ್ಟಿತು, ಯಂತ್ರಗಳು ಇಲ್ಲೇ ಉಳಿದವು. ಅವುಗಳನ್ನು ನೋಡಿಕೊಳ್ಳುವ ಹೊಣೆಯನ್ನು ಹೊತ್ತದ್ದು ಕೇಂದ್ರ ಸರ್ಕಾರದ ಸಿಎಂಸಿ. 1975ರ ಕೊನೆಯಲ್ಲಿ ಹುಟ್ಟಿದ ಆ ಸಂಸ್ಥೆಯ ಅಂದಿನ ಪೂರ್ಣ ಹೆಸರೇ ಗಣಕಯಂತ್ರ ನಿರ್ವಹಣೆಯ ನಿಗಮ ಎಂದಿತ್ತು. 1978ರ ಅಕ್ಟೋಬರ್ 1ರಿಂದ ದೇಶದ 800ಕ್ಕೂ ಹೆಚ್ಚು ಕಡೆಗಳಲ್ಲಿದ್ದ ಐಬಿಎಂ ಯಂತ್ರಗಳ ಪಾಲನೆ ಅದರ ಪಾಲಿಗೆ ಬಂದಿತು. ಹಿಂದೆ ಐಬಿಎಂನಲ್ಲಿದ್ದ ಎಂಜಿನಿಯರುಗಳು ಅದರಲ್ಲಿದ್ದರು. ತಯಾರಕರಿಲ್ಲದ ಯಂತ್ರಗಳನ್ನು ಅವರು ವರ್ಷಗಟ್ಟಲೆ ನಡೆಸಿದರು. ದುರಸ್ತಿಯಿಂದ ಕಲಿತ ವಿದ್ಯೆ ಅಲ್ಲಿಗೇ ನಿಲ್ಲಲಿಲ್ಲ. 1980ರ ದಶಕದ ನಡುವೆ ದೆಹಲಿಯಲ್ಲಿ ಆರಂಭವಾದ ರೈಲ್ವೆಯ ಗಣಕೀಕೃತ ಮುಂಗಡ ಟಿಕೆಟ್ ವ್ಯವಸ್ಥೆಯನ್ನು ರೂಪಿಸಿದ್ದೂ ಸಿಎಂಸಿಯೇ. ರಜೆಗೆ ಊರಿಗೆ ಹೊರಡುವ ಹೊರನಾಡ ಕನ್ನಡಿಗರು ರಾತ್ರಿಯಿಡೀ ಸಾಲಿನಲ್ಲಿ ನಿಲ್ಲುವುದು ತಪ್ಪಿದ್ದರ ಹಿಂದೆ ಯಂತ್ರ ಬಿಚ್ಚಲು ಬಲ್ಲವರ ವಿದ್ಯೆಯ ಪಾಲೂ ಇತ್ತು. ತಯಾರಕನ ಮಾತು ಮುಗಿದಲ್ಲಿ ಯಂತ್ರದ ಆಯುಸ್ಸು ಮುಗಿಯಬೇಕಿಲ್ಲ ಎಂಬುದು ಈ ಪ್ರಸಂಗದ ಪಾಠ.

ಅಷ್ಟರಲ್ಲಿ ಯಂತ್ರವೇ ಬದಲಾಯಿತು. 1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಅಂಗಡಿಗಳ ಮೂಲಕ ಮಾರಿದಾಗ ಅದಕ್ಕೆ ಕೊಟ್ಟ ಖಾತರಿ 90 ದಿನಗಳದು. ಬಾಡಿಗೆಯ ಯಂತ್ರಗಳಿಗೆ ಕೊನೆಯವರೆಗೂ ತಾನೇ ಹೊಣೆಯಾಗಿದ್ದ ಕಂಪನಿಯ ಮಾತು ಮೂರು ತಿಂಗಳಿಗೆ ಇಳಿಯಿತು. ಸ್ಪರ್ಧೆ ಹೆಚ್ಚಿದಂತೆ ಅದು ಒಂದು ವರ್ಷಕ್ಕೂ, ಕಚೇರಿಗಳಿಗಾಗಿ ಮಾಡಿದ ಶ್ರೇಣಿಗಳಲ್ಲಿ ಮೂರು ವರ್ಷಕ್ಕೂ ಏರಿತು. ಈ ಅಂಕಿಗಳು ಯಂತ್ರದ ಆಯುಸ್ಸಿನ ಅಳತೆಯಲ್ಲ. ಎಷ್ಟು ಯಂತ್ರಗಳು ಎಷ್ಟು ಕಾಲದಲ್ಲಿ ಕೆಡಬಹುದು, ದುರಸ್ತಿಗೆ ಎಷ್ಟು ಖರ್ಚಾಗಬಹುದು, ಅದನ್ನು ಬೆಲೆಯಲ್ಲಿ ಹೇಗೆ ಸೇರಿಸಬಹುದು ಎಂಬ ಲೆಕ್ಕದಿಂದ ಹುಟ್ಟಿದವು. ಖಾತರಿಯನ್ನು ಕಂಪನಿ ಪುಕ್ಕಟೆ ಕೊಡುವುದಿಲ್ಲ; ಯಂತ್ರದ ಬೆಲೆಯೊಂದಿಗೆ ಅದನ್ನೂ ನಾವೇ ಕೊಂಡಿರುತ್ತೇವೆ.

ಲ್ಯಾಪ್‌ಟಾಪ್ ಬಂದ ಮೇಲೆ ಈ ಲೆಕ್ಕ ಬಿಗಿಯಾಯಿತು. 1985ರಲ್ಲಿ ತೋಷಿಬಾದ ಟಿ1100, 1992ರಲ್ಲಿ ಐಬಿಎಂನ ಥಿಂಕ್‌ಪ್ಯಾಡ್ ಮಾರುಕಟ್ಟೆಗೆ ಬಂದವು. ಮೇಜಿನ ಮೇಲೆ ಕದಲದೆ ಕೂರುವ ಗಣಕಕ್ಕೂ ಚೀಲದಲ್ಲಿ ಊರೂರು ಅಲೆಯುವ ಗಣಕಕ್ಕೂ ಬದುಕಿನಲ್ಲಿ ಬಹಳ ವ್ಯತ್ಯಾಸವಿದೆ. ದಿನಕ್ಕೆ ಹತ್ತು ಬಾರಿ ತೆರೆದು ಮುಚ್ಚುವ ಕೀಲು, ಅದರೊಳಗಿಂದ ಪರದೆಗೆ ಹೋಗುವ ಸೂಕ್ಷ್ಮ ತಂತಿ, ಇಕ್ಕಟ್ಟಿನಲ್ಲಿ ಬಿಸಿಯಾಗುವ ಚಿಪ್ಪು, ದೂಳು ತುಂಬುವ ಫ್ಯಾನು, ಬಳಸಿದರೂ ಬಳಸದಿದ್ದರೂ ಮುದಿಯಾಗುವ ಬ್ಯಾಟರಿ ಎಲ್ಲವೂ ಅಂಗೈ ಅಗಲದಲ್ಲಿ ಕೂಡಿವೆ. ದೆಹಲಿಯ ಜೂನ್ ಬಿಸಿಲು, ಮುಂಬೈಯ ಮಳೆಗಾಲದ ತೇವ, ಚೆನ್ನೈಯ ಉಪ್ಪುಗಾಳಿ ಇವೆಲ್ಲವನ್ನೂ ಅದು ಸಹಿಸಬೇಕು. ಕೆಡುವುದು ಅದರ ಸ್ವಭಾವದಲ್ಲೇ ಇದೆ. ಕೆಟ್ಟಾಗ ಅದು ಯಂತ್ರದ ದೋಷವೋ ಬಳಸಿದವರ ಅಜಾಗರೂಕತೆಯೋ ಎಂಬ ವಾದಕ್ಕೆ ಅವಕಾಶವಿರುವುದೂ ಇದರಲ್ಲೇ.

ಕೆಲವೊಮ್ಮೆ ದೋಷ ಒಂದು ಯಂತ್ರದ್ದಾಗಿರದೆ ಒಂದು ಪೀಳಿಗೆಯದಾಗಿರುತ್ತದೆ. ತೋಷಿಬಾ ಲ್ಯಾಪ್‌ಟಾಪುಗಳ ಫ್ಲಾಪಿ ನಿಯಂತ್ರಕದಲ್ಲಿ ದತ್ತಾಂಶ ಕೆಡಿಸಬಲ್ಲ ದೋಷವಿದೆಯೆಂಬ ಸಾಮೂಹಿಕ ಮೊಕದ್ದಮೆ 1999ರಲ್ಲಿ ಅಮೆರಿಕದಲ್ಲಿ ಸುಮಾರು 210 ಕೋಟಿ ಡಾಲರ್ ಮೌಲ್ಯದ ರಾಜಿಯಲ್ಲಿ ಮುಗಿಯಿತು. 2006ರ ಬೇಸಗೆಯಲ್ಲಿ ಜಪಾನಿನ ಒಸಾಕಾದ ಸಮ್ಮೇಳನವೊಂದರಲ್ಲಿ ಹೊತ್ತಿ ಉರಿದ ಡೆಲ್ ಲ್ಯಾಪ್‌ಟಾಪಿನ ಚಿತ್ರ ಲೋಕವನ್ನೆಲ್ಲ ಸುತ್ತಿತು. ಸೋನಿ ತಯಾರಿಸಿದ ಬ್ಯಾಟರಿ ಕೋಶಗಳಲ್ಲಿ ಸೇರಿಕೊಂಡಿದ್ದ ಲೋಹದ ಕಣಗಳು ಇಂಥ ಅವಘಡಗಳಿಗೆ ಕಾರಣವೆಂದು ತಿಳಿಯಿತು. ಆಗಸ್ಟಿನಲ್ಲಿ ಡೆಲ್ 41 ಲಕ್ಷ, ಆಪಲ್ 18 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆದವು. ಇತರರೂ ಸೇರಿ ಸಂಖ್ಯೆ 96 ಲಕ್ಷದ ಆಸುಪಾಸಿಗೆ ಏರಿತು. ಚಿತ್ರಚಿಪ್ಪುಗಳನ್ನು ಮಾಡುವ ಎನ್‌ವಿಡಿಯಾ, ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಒಳಪದರದ ದುರ್ಬಲ ಸಾಮಗ್ರಿಯಿಂದಾಗಿ ಕೆಡುತ್ತಿವೆಯೆಂದು 2008ರ ಜುಲೈಯಲ್ಲಿ ಒಪ್ಪಿಕೊಂಡು, 15ರಿಂದ 20 ಕೋಟಿ ಡಾಲರನ್ನು ಅದಕ್ಕೆಂದು ಎತ್ತಿಟ್ಟಿತು. ಆ ಚಿಪ್ಪುಗಳು ಎಚ್‌ಪಿ, ಡೆಲ್, ಆಪಲ್ ಮೂವರ ಯಂತ್ರಗಳಲ್ಲೂ ಇದ್ದವು. ಆಪಲ್ 2015ರಲ್ಲಿ ತಂದ ತೆಳುವಾದ ಹೊಸ ಬಗೆಯ ಕೀಲಿಮಣೆಯ ಗುಂಡಿಗಳು ದೂಳಿಗೆ ಸಿಕ್ಕಿಕೊಳ್ಳುತ್ತವೆಯೆಂಬ ದೂರು ಬೆಳೆದು, ಕಂಪನಿ 2018ರಲ್ಲಿ ನಾಲ್ಕು ವರ್ಷಗಳವರೆಗಿನ ಉಚಿತ ದುರಸ್ತಿ ಘೋಷಿಸಿತು. 2022ರಲ್ಲಿ 5 ಕೋಟಿ ಡಾಲರಿನ ರಾಜಿಗೂ ಒಪ್ಪಿತು.

ಈ ನಾಲ್ಕು ಪ್ರಸಂಗಗಳನ್ನು ಸಾಲಾಗಿಟ್ಟು ನೋಡಿದರೆ ಎರಡು ಸಂಗತಿಗಳು ಕಾಣುತ್ತವೆ. ಮೊದಲನೆಯದು, ಒಳ್ಳೆಯ ಹೆಸರಿದ್ದ ಯಾವ ಕಂಪನಿಯೂ ಇದರಿಂದ ಹೊರತಾಗಿಲ್ಲ. ಎರಡನೆಯದು, ಪೆಟ್ಟಿಗೆಯೊಳಗಿನ ಪುಸ್ತಿಕೆ ಇವುಗಳಿಗೆ ಪೂರ್ತಿಯಾಗಿ ಮದ್ದಾಗಲಿಲ್ಲ. ಪುಸ್ತಿಕೆಯ ಅವಧಿ ಮುಗಿದ ಮೇಲೂ ಕಂಪನಿ ಬಾಗಬೇಕಾಗಿ ಬಂದದ್ದು ಸಾವಿರಾರು ಮಂದಿಯ ದೂರು ಒಂದೆಡೆ ಸೇರಿದಾಗ, ನ್ಯಾಯಾಲಯ ಕೇಳಿದಾಗ, ಅಪಾಯ ಕಣ್ಣಿಗೆ ಕಂಡಾಗ. ಒಬ್ಬೊಬ್ಬರಾಗಿ ಹೋದವರಿಗೆ ನಿಮ್ಮದೊಂದೇ ಹೀಗಾಗಿರುವುದು ಎಂಬ ಉತ್ತರ ಎಲ್ಲ ದೇಶಗಳಲ್ಲೂ ಸಿದ್ಧವಾಗಿರುತ್ತದೆ.

ಹಾಗಾದರೆ ಬ್ರ್ಯಾಂಡಿನ ವಿಶ್ವಾಸಾರ್ಹತೆಯೆಂಬುದೇ ಇಲ್ಲವೇ? ಅದನ್ನು ಅಳೆಯುವ ಪ್ರಯತ್ನಗಳು ನಡೆದಿವೆ. ಅಮೆರಿಕದ ಸ್ಕ್ವೇರ್‌ಟ್ರೇಡ್ 2009ರಲ್ಲಿ 30,000ಕ್ಕೂ ಹೆಚ್ಚು ಲ್ಯಾಪ್‌ಟಾಪುಗಳ ದಾಖಲೆಯನ್ನು ಪರಿಶೀಲಿಸಿ, ಮೂರು ವರ್ಷಗಳಲ್ಲಿ ಶೇಕಡ 31ರಷ್ಟು ಯಂತ್ರಗಳು ಕೆಡುತ್ತವೆಂದು ಅಂದಾಜು ಮಾಡಿತು. ಅದರಲ್ಲಿ ಶೇಕಡ 20ರಷ್ಟು ಯಂತ್ರದ ದೋಷ, ಉಳಿದದ್ದು ಬೀಳುವುದು, ಚೆಲ್ಲುವುದು ಮುಂತಾದ ಅಪಘಾತ. ಆಸುಸ್, ತೋಷಿಬಾ, ಸೋನಿ ಮೊದಲ ಸ್ಥಾನಗಳಲ್ಲಿದ್ದವು, ಎಚ್‌ಪಿ ಕೊನೆಯಲ್ಲಿತ್ತು. ಈ ಪಟ್ಟಿ ಹೊರಬಿದ್ದಾಗ ಬಹಳ ಚರ್ಚೆಯಾಯಿತು. ಆದರೆ ಪಟ್ಟಿ ಮಾಡಿದ ಸಂಸ್ಥೆಯ ಕಸುಬೇ ಹೆಚ್ಚುವರಿ ಖಾತರಿಯನ್ನು ಮಾರುವುದು ಎಂಬುದನ್ನು ಮರೆಯುವಂತಿಲ್ಲ. ಅದಕ್ಕಿಂತ ಮುಖ್ಯವಾದುದು ಆಮೇಲಿನ ಕಥೆ. ಸೋನಿ 2014ರಲ್ಲಿ ತನ್ನ ವಯೋ ಲ್ಯಾಪ್‌ಟಾಪ್ ವ್ಯವಹಾರವನ್ನು ಮಾರಿತು. ತೋಷಿಬಾ 2018ರಲ್ಲಿ ತನ್ನದರ ಬಹುಪಾಲನ್ನು ಶಾರ್ಪಿಗೆ ಮಾರಿ, 2020ರ ಹೊತ್ತಿಗೆ ಸಂಪೂರ್ಣವಾಗಿ ಕೈತೊಳೆದುಕೊಂಡಿತು. ಅದಕ್ಕೂ ಮೊದಲೇ, 2005ರಲ್ಲಿ, ಥಿಂಕ್‌ಪ್ಯಾಡ್ ಐಬಿಎಂನಿಂದ ಲೆನೊವೊಗೆ ದಾಟಿತ್ತು. ಅತ್ಯಂತ ನಂಬಿಕಸ್ಥವೆಂದು ಪಟ್ಟಿಯಾದ ಮೂರು ಹೆಸರುಗಳಲ್ಲಿ ಎರಡು ಹತ್ತು ಹನ್ನೊಂದು ವರ್ಷಗಳಲ್ಲಿ ಈ ವ್ಯಾಪಾರದಿಂದಲೇ ಸರಿದವು. ಹೆಸರನ್ನು ನಂಬಿ ಕೊಂಡವರಿಗೆ ಹೆಸರೇ ಉಳಿಯದಿದ್ದರೆ ಹೊಣೆಯನ್ನು ಯಾರಲ್ಲಿ ಕೇಳುವುದು?

ಹೆಸರು ಉಳಿದಲ್ಲೂ ಅದರ ಹಿಂದಿನ ಕೈ ಬೇರೆಯದಿರಬಹುದು. ಕ್ವಾಂಟಾ, ಕಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್ ಎಂಬ ತೈವಾನಿನ ಸಂಸ್ಥೆಗಳು ಹಲವು ಪ್ರಸಿದ್ಧ ಹೆಸರುಗಳಿಗಾಗಿ ಲ್ಯಾಪ್‌ಟಾಪುಗಳನ್ನು ತಯಾರಿಸುತ್ತ ಬಂದಿವೆ. ಪ್ರತಿಸ್ಪರ್ಧಿಗಳಾದ ಎರಡು ಕಂಪನಿಗಳ ಯಂತ್ರಗಳು ಒಬ್ಬನೇ ತಯಾರಕನ ಸೂರಿನಡಿ ಹುಟ್ಟಿರಬಹುದು. ಒಂದೇ ಕಂಪನಿಯ ಎರಡು ಶ್ರೇಣಿಗಳು ಗುಣದಲ್ಲಿ ಅಣ್ಣತಮ್ಮಂದಿರಂತಿರದೆ ಅಪರಿಚಿತರಂತಿರಬಹುದು. ಸರ್ಕಾರಿ ಕಚೇರಿಯಲ್ಲಿ ದುಡಿಯುವ ನಮಗೆ ಇದು ದಿನನಿತ್ಯದ ಅನುಭವ. ಕಚೇರಿಯ ಯಂತ್ರಕ್ಕೆ ಮೂರು ವರ್ಷಗಳ ಸ್ಥಳದಲ್ಲೇ ಸೇವೆಯ ಖಾತರಿ, ಆಮೇಲೆ ವಾರ್ಷಿಕ ನಿರ್ವಹಣೆಯ ಕರಾರು. ದೂರು ಕೊಟ್ಟರೆ ಎಂಜಿನಿಯರು ಮೇಜಿನ ಬಳಿಗೆ ಬರುತ್ತಾನೆ. ಅದೇ ಕಂಪನಿಯ ಲ್ಯಾಪ್‌ಟಾಪು ಮನೆಯಲ್ಲಿ ಕೆಟ್ಟರೆ ನಾವೇ ಚೀಲ ಹೊತ್ತು ಹೋಗಿ ಟೋಕನ್ ಹಿಡಿದು ಕೂರಬೇಕು. ಹೆಸರು ಒಂದೇ, ಕರಾರು ಎರಡು. ಕಚೇರಿಯ ಕರಾರಿನಲ್ಲಿ ತಡವಾದರೆ ದಂಡವೆಂಬ ಸಾಲು ಇರುತ್ತದೆ, ಮನೆಯ ಪುಸ್ತಿಕೆಯಲ್ಲಿ ಇರುವುದಿಲ್ಲ. ವ್ಯತ್ಯಾಸ ಅಲ್ಲಿದೆ.

ಯಂತ್ರವನ್ನು ಮಾಡುವವರು ಒಬ್ಬರು, ಹೆಸರಿಡುವವರು ಇನ್ನೊಬ್ಬರು, ದುರಸ್ತಿ ಮಾಡುವವರು ಮೂರನೆಯವರು. ನಮ್ಮ ನಗರಗಳ ‘ಅಧಿಕೃತ ಸೇವಾಕೇಂದ್ರ’ಗಳಲ್ಲಿ ಬಹಳಷ್ಟು ಗುತ್ತಿಗೆಯವು. ಅಲ್ಲಿ ಕೆಟ್ಟ ಬಿಡಿಭಾಗವನ್ನು ಹುಡುಕಿ ಸರಿಪಡಿಸುವುದಕ್ಕಿಂತ ಮದರ್‌ಬೋರ್ಡನ್ನೇ ಬದಲಿಸುವುದು ವಾಡಿಕೆ. ಖಾತರಿಯ ಅವಧಿಯೊಳಗೆ ಅದು ನಮಗೆ ಅನುಕೂಲ. ಅವಧಿ ಮುಗಿದ ಮಾರನೆಯ ದಿನ ಅದೇ ಪದ್ಧತಿ ಹೊಸ ಯಂತ್ರದ ಬೆಲೆಯ ದೊಡ್ಡ ಭಾಗವನ್ನು ಕೇಳುತ್ತದೆ. ಇಲ್ಲಿ ‘ಸಿಐಡಿ’ ಎಂಬ ಮಾತೊಂದು ಚಾಲ್ತಿಯಲ್ಲಿದೆ. ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ. ಗ್ರಾಹಕರಿಂದಲೇ ಆದ ಹಾನಿ ಎಂದು ಅರ್ಥ. ವರ್ಗಾವಣೆಯ ನೌಕರಿಯಲ್ಲಿರುವ ನಾವು ಒಂದು ಊರಿನಲ್ಲಿ ಕೊಂಡ ಲ್ಯಾಪ್‌ಟಾಪಿನ ಕೀಲು ಮತ್ತೊಂದು ಊರಿನಲ್ಲಿ, ಒಂಬತ್ತನೆಯ ತಿಂಗಳಲ್ಲಿ, ಬಿರುಕುಬಿಟ್ಟಿತು. ಸೇವಾಕೇಂದ್ರದಲ್ಲಿ ಎರಡು ನಿಮಿಷ ನೋಡಿ ಸಿಐಡಿ ಎಂದರು. ಖಾತರಿಯ ಯಾವ ಕಲಮಿನ ಪ್ರಕಾರ ನಿರಾಕರಿಸುತ್ತಿದ್ದೀರಿ ಎಂಬುದನ್ನು ಬರೆದುಕೊಡಿ ಎಂದು ನಾವು ಕೇಳಿದೆವು. ಬರೆದುಕೊಡುವ ಅಧಿಕಾರ ತಮಗಿಲ್ಲವೆಂದರು. ಹಾಗಿದ್ದರೆ ನಿರಾಕರಿಸುವ ಅಧಿಕಾರ ಹೇಗೆ ಬಂದಿತೆಂಬ ನಮ್ಮ ಎರಡನೆಯ ಪತ್ರಕ್ಕೆ ಉತ್ತರ ಬರಲಿಲ್ಲ. ಹತ್ತು ದಿನಗಳಾದ ಮೇಲೆ ಹೊಸ ಕೀಲು ಬಂದಿತು. ಗೆದ್ದೆವೆಂದು ಬೀಗುವಂಥದ್ದೇನೂ ಇದರಲ್ಲಿ ಇರಲಿಲ್ಲ. ಪತ್ರ ಬರೆಯಲು ಬಾರದ, ರಜೆ ಹಾಕಿ ಮೂರು ಸಲ ಅಲೆಯಲಾಗದ ಎಷ್ಟು ಮಂದಿ ಆ ಎರಡು ನಿಮಿಷದ ತೀರ್ಪನ್ನೇ ಅಂತಿಮವೆಂದು ಒಪ್ಪಿ ಹಿಂತಿರುಗಿರಬಹುದು ಎಂಬ ಯೋಚನೆ ಮಾತ್ರ ಉಳಿಯಿತು.

ಹಾಗೆ ಹಿಂತಿರುಗಿದವರನ್ನು ಕೈಹಿಡಿದದ್ದು ನಮ್ಮ ನಗರಗಳ ಬೀದಿಗಳು. ದೆಹಲಿಯ ನೆಹರು ಪ್ಲೇಸ್, ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈಯ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡ್: ಇವುಗಳಲ್ಲಿ ಒಂದಾದರೂ ಹೊರನಾಡ ಕನ್ನಡಿಗರಿಗೆ ಗೊತ್ತಿರುತ್ತದೆ. ‘ಚಿಪ್ ಲೆವೆಲ್ ಸರ್ವಿಸ್’ ಎಂಬ ಫಲಕದಡಿ, ಗೂಡಿನಂಥ ಅಂಗಡಿಯಲ್ಲಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತ ತರುಣರು ಸೇವಾಕೇಂದ್ರ ಕೈಬಿಟ್ಟ ಬೋರ್ಡುಗಳಿಗೆ ಮತ್ತೆ ಜೀವ ತುಂಬುತ್ತಾರೆ. ಅವರಿಗೆ ಕಂಪನಿಯ ನಕ್ಷೆಗಳು ಸಿಗುವುದಿಲ್ಲ, ಅಸಲಿ ಬಿಡಿಭಾಗಗಳು ಸಿಗುವುದು ಕಷ್ಟ. ಅವರ ಎಲ್ಲ ಕೆಲಸವೂ ಚೊಕ್ಕವೆಂದಲ್ಲ. ನಕಲಿ ಬ್ಯಾಟರಿ, ಹದಿನೈದು ದಿನದ ಬಾಯಿಮಾತಿನ ಖಾತರಿಗಳೂ ಅಲ್ಲಿ ಉಂಟು. ಆದರೂ 1978ರಲ್ಲಿ ಸಿಎಂಸಿ ರಾಷ್ಟ್ರಮಟ್ಟದಲ್ಲಿ ಮಾಡಿದ್ದನ್ನು ಅವರು ಬೀದಿಯ ಮಟ್ಟದಲ್ಲಿ ಮಾಡುತ್ತಿದ್ದಾರೆ. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಸ್ಮೃತಿಕೋಶವನ್ನು ಬೋರ್ಡಿಗೇ ಬೆಸೆದು, ಬ್ಯಾಟರಿಯನ್ನು ಅಂಟಿಸಿ ಕಳಿಸುವುದು ಹೆಚ್ಚಾಗಿದೆ. ತೆಳುವಾಗುವುದರ ಬೆಲೆಯಾಗಿ ಅವರ ವಿದ್ಯೆಗೆ ಬಾಗಿಲು ಮುಚ್ಚುತ್ತಿದೆ.

ಕಾನೂನು ಈ ನಡುವೆ ಸುಮ್ಮನಿರಲಿಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಸರಕಿನ ದೋಷ, ಸೇವೆಯ ಕೊರತೆ ಎರಡಕ್ಕೂ ದೂರು ಕೊಡುವ ದಾರಿ ತೆರೆಯಿತು. ಅದರ ಜಾಗಕ್ಕೆ ಬಂದ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದಿತು. ಊರು ಬಿಟ್ಟು ಊರಿಗೆ ಹೋಗುವ ನಮ್ಮಂಥವರಿಗೆ ಅದರ 34ನೆಯ ಪ್ರಕರಣ ಬಹಳ ಮುಖ್ಯ. ಹಿಂದೆ ಎದುರುಪಕ್ಷ ವ್ಯವಹರಿಸುವ ಸ್ಥಳದಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಸ್ಥಳದಲ್ಲಿ ದೂರು ಹೂಡಬೇಕಿತ್ತು. ಈಗ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ಹೂಡಬಹುದು. ಹುಬ್ಬಳ್ಳಿಯಲ್ಲಿ ಕೊಂಡು ಪುಣೆಯಲ್ಲಿ ಬಳಸುವವರು ಪುಣೆಯಲ್ಲೇ ಕೇಳಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ಗ್ರಾಹಕರ ಹಕ್ಕುಗಳನ್ನು ಏಕಪಕ್ಷೀಯವಾಗಿ ಕಿತ್ತುಕೊಳ್ಳುವ ಕರಾರುಗಳನ್ನು ‘ಅನ್ಯಾಯದ ಕರಾರು’ ಎಂದು ಗುರುತಿಸಿ ರಾಜ್ಯ ಆಯೋಗದಲ್ಲಿ ಪ್ರಶ್ನಿಸುವ ಅವಕಾಶವನ್ನೂ ಈ ಕಾಯಿದೆ ಕೊಟ್ಟಿದೆ. 1930ರ ಕಾಯಿದೆ ತೆರೆದಿಟ್ಟ ಬಾಗಿಲಿಗೆ ಸುಮಾರು ತೊಂಬತ್ತು ವರ್ಷಗಳ ಬಳಿಕ ಹಾಕಿದ ಅಗುಳಿ ಇದು.

ದುರಸ್ತಿಯ ಹಕ್ಕಿನ ಮಾತು ಇದರ ಮುಂದಿನ ಅಧ್ಯಾಯ. ಗ್ರಾಹಕರು ಬೇರೆಡೆ ದುರಸ್ತಿ ಮಾಡಿಸಿದರೆಂಬ ಒಂದೇ ಕಾರಣಕ್ಕೆ ಖಾತರಿಯನ್ನು ರದ್ದುಪಡಿಸುವುದನ್ನು ಅಮೆರಿಕದ 1975ರ ಖಾತರಿ ಕಾಯಿದೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಫ್ರಾನ್ಸ್ 2021ರ ಜನವರಿಯಿಂದ ಲ್ಯಾಪ್‌ಟಾಪೂ ಸೇರಿದಂತೆ ಕೆಲವು ಸರಕುಗಳ ಮೇಲೆ, ದುರಸ್ತಿ ಎಷ್ಟು ಸುಲಭವೆಂದು ಹತ್ತಕ್ಕೆ ಇಷ್ಟೆಂಬ ಅಂಕವನ್ನು ಬೆಲೆಯ ಪಕ್ಕದಲ್ಲೇ ತೋರಿಸುವಂತೆ ಮಾಡಿತು. ಭಾರತದಲ್ಲಿ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಜಾಲತಾಣವೊಂದನ್ನು ತೆರೆದು ಕಂಪನಿಗಳ ದುರಸ್ತಿ ಮಾಹಿತಿಯನ್ನು ಒಂದೆಡೆ ಸೇರಿಸತೊಡಗಿತು. ಅದು ಒಳ್ಳೆಯ ಹೆಜ್ಜೆ. ಆದರೆ ಬಿಡಿಭಾಗ, ನಕ್ಷೆಗಳನ್ನು ಬೀದಿಯ ತಂತ್ರಜ್ಞರಿಗೂ ಕೊಡಲೇಬೇಕೆಂದು ವಿಧಿಸುವ ಶಾಸನ ಅದಲ್ಲ. ಐಬಿಎಂಗೆ 1956ರಲ್ಲಿ ವಿಧಿಸಿದ ಮಾತನ್ನೇ ಲೋಕ ಇನ್ನೂ ಹೊಸದೆಂಬಂತೆ ಚರ್ಚಿಸುತ್ತಿದೆ.

ನಮ್ಮ ನಾಡಿನದೇ ಒಂದು ಹೋಲಿಕೆಯೊಡನೆ ಈ ಬರಹವನ್ನು ಮುಗಿಸಬಹುದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಆರಂಭವಾಯಿತು. 2016ರಲ್ಲಿ ಕೇಂದ್ರ ಸರ್ಕಾರ ಆ ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಆ ಗಡಿಯಾರಗಳ ಖಾತರಿ ಚೀಟಿಗಳು ಎಂದೋ ಹಳದಿಯಾಗಿ ಹರಿದಿವೆ. ಆದರೂ ತಂದೆಯವರ ಕಾಲದ ಕೀಲಿ ಕೊಡುವ ಗಡಿಯಾರವನ್ನು ದಾದರಿನಲ್ಲೋ ಮೈಲಾಪುರದಲ್ಲೋ ಮೂಲೆಯ ಅಂಗಡಿಯ ಗಡಿಯಾರ ರಿಪೇರಿಯವರ ಮುಂದಿಟ್ಟರೆ, ಅವರು ಭೂತಗನ್ನಡಿ ಏರಿಸಿ, ಹಿಂಬದಿಯ ಮುಚ್ಚಳ ತೆಗೆದು, ತೊಳೆದು ನಡೆಸಿಕೊಡುತ್ತಾರೆ. ಕಂಪನಿ ಹೋದ ಮೇಲೂ ಗಡಿಯಾರ ಉಳಿದದ್ದು ಅದನ್ನು ಬಿಚ್ಚಬಲ್ಲವರು ಊರೂರಲ್ಲಿ ಇದ್ದುದರಿಂದ, ಬಿಚ್ಚಲು ಬರುವಂತೆ ಅದನ್ನು ಮಾಡಿದ್ದರಿಂದ. ಖಾತರಿಗೆ ಅವಧಿಯುಂಟು, ಬ್ರ್ಯಾಂಡಿಗೂ ಆಯುಸ್ಸುಂಟು. ಆದುದರಿಂದ ಲ್ಯಾಪ್‌ಟಾಪ್ ಕೊಳ್ಳುವವರು ಹೆಸರನ್ನು ವಿಚಾರಿಸಿದ ಮೇಲೆ ಇನ್ನೂ ಮೂರು ಮಾತುಗಳನ್ನು ವಿಚಾರಿಸಲಿ. ಇದು ಆ ಕಂಪನಿಯ ಯಾವ ಶ್ರೇಣಿಯದು, ನಮ್ಮೂರಿನಲ್ಲಿ ಇದನ್ನು ನೋಡುವವರು ಯಾರು, ಅವಧಿ ಮುಗಿದ ಮೇಲೆ ಇದನ್ನು ಬಿಚ್ಚಿ ಸರಿಪಡಿಸಲು ಯಾರಿಗೆ ಸಾಧ್ಯ? ಬಿಲ್ಲನ್ನೂ ಆ ತೆಳು ಪುಸ್ತಿಕೆಯನ್ನೂ ಅಟ್ಟಕ್ಕೆ ಹಾಕದೆ ಕೈಗೆ ಸಿಗುವ ಕಡೆ ಇಡಲಿ. ಮಾರುವವರು ಕೊಡುವ ಖಾತರಿಯನ್ನು ಹೊಣೆಯಾಗಿ ಮಾಡುವವರು ಕೊನೆಗೂ ಅದನ್ನು ಓದಿ ಕೇಳುವವರೇ.